ನದಿದಂಡೆಯ ಹಳೆಯ ಮಿನ್‌ಶುಕು ಕೊಳ್ಳುವವರು ಮೊದಲು ನೀರನ್ನು ವಿಚಾರಿಸಿ

ಜಪಾನಿನ ಶಿಕೋಕು ದ್ವೀಪದ ಕೋಚಿ ಪ್ರಾಂತ್ಯದಲ್ಲಿ 196 ಕಿಲೋಮೀಟರ್ ಹರಿದು ಸಮುದ್ರ ಸೇರುವ ನದಿ ಶಿಮಾಂತೋ. ಅದರ ನಡುಭಾಗದ ಒಂದು ಹಳ್ಳಿಯಲ್ಲಿ ನಾನು ಮತ್ತು ನನ್ನ ಗಂಡ ಒಂದು ಹಳೆಯ ಮಿನ್‌ಶುಕು ಕೊಂಡೆವು. ಮಿನ್‌ಶುಕು ಎಂದರೆ ಮನೆಯವರೇ ಅಡುಗೆ ಮಾಡಿ ಬಡಿಸಿ, ಮಹಡಿಯ ಕೋಣೆಗಳಲ್ಲಿ ಹಾಸಿಗೆ ಹಾಸಿಕೊಡುವ ಚಿಕ್ಕ ವಸತಿಗೃಹ. ನಾವು ಕೊಂಡದ್ದು ಬಾಗಿಲು ಹಾಕಿ ಒಂಬತ್ತು ವರ್ಷವಾಗಿತ್ತು. ಬೆಲೆ 62 ಲಕ್ಷ ಯೆನ್. ಅದನ್ನು ಮತ್ತೆ ಅತಿಥಿಗಳು ಮಲಗುವಂತೆ ಮಾಡಲು 1 ಕೋಟಿ 10 ಲಕ್ಷ ಯೆನ್ ಖರ್ಚಾಯಿತು. ಈ ಎರಡನೆಯ ಅಂಕಿಯಲ್ಲಿ ಅರ್ಧದಷ್ಟನ್ನು ಕೊಳ್ಳುವ ಮೊದಲೇ ಊಹಿಸಬಹುದಿತ್ತು. ಏನು ಕೇಳಬೇಕೆಂದು ನಮಗೆ ತಿಳಿದಿರಲಿಲ್ಲ, ಅಷ್ಟೇ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜಗಲಿಯಲ್ಲಿ ಕುಳಿತರೆ ಕೆಳಗೆ ಹಸಿರು ನೀರು, ಆಚೆ ದಡದಲ್ಲಿ ದೇವದಾರು ಜಾತಿಯ ಮರಗಳ ಕಾಡು, ನಡುವೆ ಕಂಬಿಯಿಲ್ಲದ ತಗ್ಗು ಸೇತುವೆ. ಯಾರಾದರೂ ಮರುಳಾಗುತ್ತಾರೆ. ಆದರೆ ಇಂಥ ಮನೆ ಕೊಳ್ಳುವವರು ನೋಟವನ್ನು ಬದಿಗಿಟ್ಟು ನಾಲ್ಕು ನೀರುಗಳನ್ನು ವಿಚಾರಿಸಬೇಕು: ನದಿಯಿಂದ ಏರುವ ನೀರು, ಮಾಡಿನಿಂದ ಇಳಿಯುವ ನೀರು, ನಲ್ಲಿಗೆ ಬರುವ ನೀರು, ಬಚ್ಚಲಿನಿಂದ ಹೊರಗೆ ಹೋಗುವ ನೀರು. ನಮ್ಮ ಹಣ ಹೋದದ್ದು ಹೆಚ್ಚಾಗಿ ಈ ನಾಲ್ಕಕ್ಕೇ.

ಎಲ್ಲಿ ಹುಡುಕುವುದು

ಜಪಾನಿನಲ್ಲಿ ಖಾಲಿ ಮನೆಗೆ ಅಕಿಯಾ ಎನ್ನುತ್ತಾರೆ. 2023ರ ಸರ್ಕಾರಿ ಸಮೀಕ್ಷೆಯಲ್ಲಿ ಅವುಗಳ ಸಂಖ್ಯೆ ಸುಮಾರು 90 ಲಕ್ಷ, ಅಂದರೆ ಒಟ್ಟು ಮನೆಗಳ 13.8%. ಹಳ್ಳಿ ಪಟ್ಟಣಗಳ ಪುರಸಭೆಗಳು ತಮ್ಮ ವ್ಯಾಪ್ತಿಯ ಖಾಲಿ ಮನೆಗಳ ಪಟ್ಟಿ ಇಟ್ಟುಕೊಂಡಿರುತ್ತವೆ. ಅದೇ ಅಕಿಯಾ ಬ್ಯಾಂಕ್. ಪಟ್ಟಿ ನೋಡುವಾಗ ಕೋಣೆಗಳ ಸಂಖ್ಯೆಗೆ ಕಣ್ಣಿಡಿ. ಎಂಟು ಹತ್ತು ಕೋಣೆ, ಎರಡು ಸ್ನಾನದ ಮನೆ, ಸಾಲಾಗಿ ಮೂರು ಶೌಚಾಲಯ ಇದ್ದರೆ ಅದು ಹಿಂದೆ ವಸತಿಗೃಹವಾಗಿದ್ದಿರಬಹುದು, ಪಟ್ಟಿಯಲ್ಲಿ ಬರಿಯ ಮನೆ ಎಂದೇ ಬರೆದಿದ್ದರೂ. ನಮ್ಮದು ಸಿಕ್ಕಿದ್ದು ಹಾಗೆ.

ವಿದೇಶಿಯರು ಜಪಾನಿನಲ್ಲಿ ಜಮೀನು, ಕಟ್ಟಡ ಎರಡನ್ನೂ ಪೂರ್ಣ ಒಡೆತನದಲ್ಲಿ ಕೊಳ್ಳಬಹುದು. ಆದರೆ ಮನೆ ಕೊಂಡ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಅಲ್ಲೇ ನೆಲೆಸಿ ವಸತಿಗೃಹ ನಡೆಸಲು ವ್ಯವಹಾರ ನಿರ್ವಹಣೆಯ ವೀಸಾ ಕೇಳುವವರಿಗೆ 2025ರ ಅಕ್ಟೋಬರ್‌ನಿಂದ ಮೂಲ ಬಂಡವಾಳದ ಮಿತಿ 50 ಲಕ್ಷದಿಂದ 3 ಕೋಟಿ ಯೆನ್‌ಗೆ ಏರಿದೆ. ನಮಗೆ ಶಾಶ್ವತ ವಾಸದ ಪರವಾನಗಿ ಮೊದಲೇ ಇದ್ದುದರಿಂದ ಈ ತೊಡಕು ಬರಲಿಲ್ಲ. ದೇಶದ ಹೊರಗಿದ್ದುಕೊಂಡು ಕೊಳ್ಳುವವರು ಬ್ಯಾಂಕ್ ಆಫ್ ಜಪಾನ್ ಮೂಲಕ 20 ದಿನಗಳೊಳಗೆ ವರದಿ ಸಲ್ಲಿಸುವ ನಿಯಮವನ್ನೂ ವಿಚಾರಿಸಿಕೊಳ್ಳಬೇಕು. ತೆರಿಗೆ ಚೀಟಿಗಳನ್ನು ಪಡೆದು ಕಟ್ಟಲು ಜಪಾನಿನಲ್ಲಿ ವಾಸಿಸುವ ಒಬ್ಬರನ್ನು ನೇಮಿಸಬೇಕಾಗುತ್ತದೆ.

ನದಿಯಿಂದ ಏರುವ ನೀರು

ಶಿಮಾಂತೋದ ತಗ್ಗು ಸೇತುವೆಗಳಿಗೆ ಚಿಂಕಾಬಾಶಿ ಎಂದು ಹೆಸರು. ಮುಳುಗುವ ಸೇತುವೆ ಎಂದೇ ಅರ್ಥ. ಪ್ರವಾಹದಲ್ಲಿ ತೇಲಿ ಬರುವ ಮರಗಳು ಸಿಕ್ಕಿಕೊಳ್ಳಬಾರದೆಂದು ಅವುಗಳಿಗೆ ಕೈಕಂಬಿ ಇಡುವುದಿಲ್ಲ. ನೀರು ಸೇತುವೆಯ ಮೇಲೆಯೇ ಹರಿದು ಹೋಗಲಿ ಎಂದು ಕಟ್ಟಿದವು ಅವು. ಇಂಥ ಸೇತುವೆಯೊಂದು ಮನೆಯ ಮುಂದಿದೆ ಎಂದರೆ ಅಲ್ಲಿಯವರು ನದಿ ಏರುವುದನ್ನು ವರ್ಷ ವರ್ಷವೂ ನೋಡಿದವರು ಎಂದು ತಿಳಿಯಿರಿ, ಅವರನ್ನೇ ಕೇಳಿ.

2020ರ ಆಗಸ್ಟ್ 28ರಿಂದ ದಲ್ಲಾಳಿಗಳು ಕರಾರಿಗೆ ಮೊದಲು ಪ್ರವಾಹದ ನಕ್ಷೆಯ ಮೇಲೆ ಮನೆಯ ಜಾಗವನ್ನು ತೋರಿಸಲೇಬೇಕು. ನೀವು ಅಲ್ಲಿಯವರೆಗೆ ಕಾಯಬೇಡಿ. ಸರ್ಕಾರದ ಹಜಾರ್ಡ್ ಮ್ಯಾಪ್ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನೀರು ಎಷ್ಟು ಮೀಟರ್ ನಿಲ್ಲಬಹುದು ಎಂಬುದನ್ನು ಬಣ್ಣಗಳಲ್ಲಿ ತೋರಿಸಿರುತ್ತಾರೆ. ಹಿಂದೆ ಗುಡ್ಡವಿದ್ದರೆ ಭೂಕುಸಿತದ ಹಳದಿ ವಲಯ, ಕೆಂಪು ವಲಯಗಳನ್ನೂ ನೋಡಿ. ಕೆಂಪು ವಲಯದ ಮನೆಯನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ನಾನು ಕೊಳ್ಳುವುದಿಲ್ಲ. ಮೇಲೆ ಅಣೆಕಟ್ಟು ಇದೆಯೇ ಎಂದೂ ಕೇಳಿ. 2018ರ ಜುಲೈಯಲ್ಲಿ ಪಕ್ಕದ ಎಹಿಮೆ ಪ್ರಾಂತ್ಯದ ಹಿಜಿಕಾವಾ ನದಿಯಲ್ಲಿ ಅಣೆಕಟ್ಟುಗಳಿಂದ ತುರ್ತಾಗಿ ನೀರು ಬಿಟ್ಟ ಮೇಲೆ ತಗ್ಗಿನ ಊರುಗಳು ಮುಳುಗಿದವು. 2020ರ ಜುಲೈ 4ರಂದು ಕುಮಾಮೊಟೊ ಪ್ರಾಂತ್ಯದ ಕುಮಾ ನದಿ ಉಕ್ಕಿ ಹಿತೊಯೋಶಿ ಪಟ್ಟಣದ ದಂಡೆಯ ವಸತಿಗೃಹಗಳಿಗೆ ನುಗ್ಗಿತು. ಅವೂ ಚೆಂದದ ನದಿಗಳೇ.

ಪ್ರವಾಹದ ನಕ್ಷೆಯಲ್ಲಿ ನಮ್ಮ ಮನೆ ಬಣ್ಣದ ಅಂಚಿನಲ್ಲಿತ್ತು. ಇತ್ತ ಬಿಳಿ, ಅತ್ತ ತೆಳು ಹಳದಿ. ಯಾವುದನ್ನು ನಂಬುವುದೆಂದು ತಿಳಿಯದೆ ಹಿಂದಿನ ಒಡತಿಯನ್ನು ಕೇಳಿದೆವು. ಎಂಬತ್ತು ದಾಟಿದ ಆಕೆಯನ್ನು ಊರೆಲ್ಲ ಇಂದಿಗೂ ಒಕಾಮಿ-ಸಾನ್ ಎಂದೇ ಕರೆಯುತ್ತಾರೆ, ವಸತಿಗೃಹದ ಯಜಮಾನಿ ಎಂಬ ಗೌರವದಲ್ಲಿ. ಆಕೆ ಮಾತಾಡದೆ ನಮ್ಮನ್ನು ಹಿತ್ತಿಲ ಕೊಟ್ಟಿಗೆಗೆ ಕರೆದೊಯ್ದರು. ಬಾಗಿಲ ಕಂಬದಲ್ಲಿ, ನನ್ನ ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ, ತುಕ್ಕು ಹಿಡಿದ ಮೊಳೆಯೊಂದನ್ನು ಹೊಡೆದಿತ್ತು. ಅದರ ಪಕ್ಕ ಪೆನ್ಸಿಲಿನಲ್ಲಿ ಶೋವಾ ಯುಗದ, ಅಂದರೆ 1926ರಿಂದ 1989ರವರೆಗಿನ ಕಾಲದ, ಒಂದು ವರ್ಷ, ತಿಂಗಳು, ದಿನ. ಅಂದು ನೀರು ಏರಿದ ಮಟ್ಟಕ್ಕೆ ಮೊಳೆ ಹೊಡೆದವರು ಆಕೆಯ ಮಾವ. ಮೊಳೆಯ ಮಟ್ಟದಿಂದ ಮನೆಯ ಹೊಸ್ತಿಲಿಗೆ ನನ್ನ ಗಂಡ ದಾರ ಹಿಡಿದು ಅಳೆದರು. ಹೊಸ್ತಿಲು 84 ಸೆಂಟಿಮೀಟರ್ ಎತ್ತರದಲ್ಲಿತ್ತು. ನಾವು ಕೊಳ್ಳಲು ಒಪ್ಪಿದ್ದು ಆ ದಾರವನ್ನು ನೋಡಿದ ಮೇಲೆ. ನೀವೂ ಕೊಟ್ಟಿಗೆ, ಬಾವಿಕಟ್ಟೆ, ದೇವಸ್ಥಾನದ ಮೆಟ್ಟಿಲು ಇವುಗಳಲ್ಲಿ ಇಂಥ ಗುರುತನ್ನು ಹುಡುಕಿ.

ವಿಮೆ ಮಾಡಿಸುವಾಗ ಅಗ್ನಿ ವಿಮೆಯೊಳಗೆ ನೀರಿನ ಹಾನಿಯೂ ಸೇರಿದೆಯೇ ಎಂದು ನೋಡಿ. ಅದನ್ನು ಬಿಟ್ಟು ಮಾಡಿದ ಅಗ್ಗದ ವಿಮೆಗಳಿವೆ. ಭೂಕಂಪದ ವಿಮೆ ಅಗ್ನಿ ವಿಮೆಯ ಮೊತ್ತದ ಅರ್ಧದವರೆಗೆ ಮಾತ್ರ. ಅದೂ ಜನ ವಾಸಿಸುವ ಕಟ್ಟಡಕ್ಕೆ. ನಾವು ಕೆಳಗಿನ ಎರಡು ಕೋಣೆಗಳಲ್ಲಿ ವಾಸವಾಗಿದ್ದೇವೆ.

ಮಾಡಿನ ಕೆಳಗೆ, ನೆಲದ ಕೆಳಗೆ

ಬಿಸಿಲಿನ ದಿನ ಮಾತ್ರ ಮನೆ ನೋಡಿ ಬರಬೇಡಿ. ಜೂನ್ ತಿಂಗಳ ಮಳೆಗಾಲದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಹೋಗಿ. ಈ ಕಣಿವೆಯ ಎಕಾವಾಸಾಕಿಯಲ್ಲಿ 2013ರ ಆಗಸ್ಟ್ 12ರಂದು 41.0 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಆ ಹೊತ್ತಿಗೆ ಅದು ಇಡೀ ದೇಶದ ದಾಖಲೆ. ಜನವರಿಯಲ್ಲಿ ಅದೇ ಕಣಿವೆಯಲ್ಲಿ ಮಂಜು ಹತ್ತು ಗಂಟೆಯವರೆಗೂ ಕದಲದೆ ನಿಂತಿರುವುದನ್ನು ಕಂಡಿದ್ದೇನೆ. ಕಾಗದದ ಬಾಗಿಲಿನ ಮನೆಯಲ್ಲಿ ಎರಡನ್ನೂ ಅನುಭವಿಸಬೇಕು.

ಮಳೆಯ ದಿನ ಮಹಡಿಯ ಗೋಡೆಗೂಡುಗಳನ್ನು ತೆರೆದು, ಹಾಸಿಗೆಗಳನ್ನು ಹೊರಗೆಳೆದು, ಮೇಲಿನ ಹಲಗೆಯನ್ನು ಟಾರ್ಚ್ ಹಿಡಿದು ನೋಡಿ. ಚಾವಣಿಗೆ ಹೊಸ ಕಾಗದ ಅಂಟಿಸಿದ್ದರೂ ಗೋಡೆಗೂಡಿನೊಳಗೆ ಯಾರೂ ಅಂಟಿಸಿರುವುದಿಲ್ಲ. ಸೋರಿದ ಕಲೆ ಸಿಗುವುದು ಅಲ್ಲೇ.

ನೆಲದ ಕೆಳಗಂತೂ ಇಳಿಯಲೇಬೇಕು. ನಾವು ತಪಾಸಣೆ ಮಾಡುವವರನ್ನು 70,000 ಯೆನ್ ಕೊಟ್ಟು ಕರೆಸಿದೆವು. ಅವರು ಹಿಂಬದಿಯ, ಆರು ಚಾಪೆ ಹಾಸುವಷ್ಟು ಅಗಲದ ಕೋಣೆಯಲ್ಲಿ ಒಂದು ತತಾಮಿ, ಅಂದರೆ ನೆಲಕ್ಕೆ ಹಾಸಿದ ದಪ್ಪ ಚಾಪೆ, ಎತ್ತಿ, ಹಲಗೆ ಸರಿಸಿ, ಹೊಟ್ಟೆಯ ಮೇಲೆ ತೆವಳಿಕೊಂಡು ಒಳಹೋದರು. ನಾನೂ ಹಿಂದೆ ಇಳಿದೆ. ಒದ್ದೆ ಮಣ್ಣಿನ, ಹಳೆಯ ಇದ್ದಿಲಿನ ವಾಸನೆ. ಕಂಬಗಳಿಗೆ ಪಾಯವೆಂಬುದಿಲ್ಲ, ಒಂದೊಂದೂ ನದಿಯಿಂದ ತಂದ ಒಂದು ಚಪ್ಪಟೆ ಕಲ್ಲಿನ ಮೇಲೆ ಕುಳಿತಿತ್ತು. ಸ್ನಾನದ ಮನೆಯ ಬದಿಯ ಕಂಬಕ್ಕೆ ಅವರು ಸ್ಕ್ರೂಡ್ರೈವರ್ ಒತ್ತಿದಾಗ ಅದು ಹಿಡಿಯವರೆಗೆ ಇಳಿಯಿತು. ಕಂಬದ ಹೊರಮೈಯಲ್ಲಿ ಗೆದ್ದಲು ಕಟ್ಟಿದ ಬೆರಳಗಲದ ಮಣ್ಣಿನ ದಾರಿ ಮೇಲಕ್ಕೆ ಹೋಗಿತ್ತು. ಮೂರು ಕಂಬಗಳ ಬುಡ ಕತ್ತರಿಸಿ ಹೊಸ ಮರ ಕೂಡಿಸಬೇಕಾಯಿತು. ಊರಿನ ಬಡಗಿ ಮಾಡಿದ ಆ ಬೆಸುಗೆಯಲ್ಲಿ ಒಂದು ಮೊಳೆಯೂ ಇಲ್ಲ. ಈಗಲೂ ಅತಿಥಿಗಳಿಗೆ ಟಾರ್ಚ್ ಕೊಟ್ಟು ತೋರಿಸುತ್ತೇನೆ.

ಕಟ್ಟಡಕ್ಕೆ ಯಾವಾಗ ಅನುಮತಿ ಸಿಕ್ಕಿತು ಎಂಬುದನ್ನು ಕೇಳುವಾಗ ಒಂದು ದಿನಾಂಕ ನೆನಪಿಡಿ: 1981ರ ಜೂನ್ 1. ಭೂಕಂಪ ತಡೆಯುವ ಹೊಸ ಮಾನದಂಡ ಜಾರಿಗೆ ಬಂದದ್ದು ಅಂದು. ಮರದ ಮನೆಗಳಿಗೆ 2000ದಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. 1946ರ ನಾನ್‌ಕಾಯ್ ಭೂಕಂಪದಲ್ಲಿ ಶಿಮಾಂತೋ ಸಮುದ್ರ ಸೇರುವ ಕಡೆಗೆ ಹತ್ತಿರದ ನಾಕಾಮುರಾ ಪಟ್ಟಣ ನೆಲಸಮವಾದಂತಾಗಿತ್ತು. ಅಂಥದ್ದು ಮತ್ತೆ ಬರುತ್ತದೆ ಎಂದೇ ಇಲ್ಲಿ ಎಲ್ಲರೂ ಸಿದ್ಧರಾಗುತ್ತಾರೆ. 1981ಕ್ಕೂ ಹಿಂದಿನ ಮರದ ಮನೆಯ ತಪಾಸಣೆಗೆ, ಬಲಪಡಿಸುವ ಕೆಲಸಕ್ಕೆ ಪುರಸಭೆಗಳು ನೆರವು ಕೊಡುವುದುಂಟು. ಆದರೆ ಮಂಜೂರಾತಿಗೆ ಮೊದಲೇ ಕೆಲಸ ಶುರುಮಾಡಿದರೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಅವಸರ ಬೇಡ.

ಬರುವ ನೀರು, ಹೋಗುವ ನೀರು

ನಲ್ಲಿ ತಿರುಗಿಸಿದರೆ ನೀರು ಬಂತು, ಸರಿ. ಆ ನೀರು ಪುರಸಭೆಯದೋ, ಊರವರು ಸೇರಿ ಬೆಟ್ಟದ ತೊರೆಯಿಂದ ಎಳೆದ ಕೊಳವೆಯದೋ, ಬಾವಿಯದೋ? ತೊರೆಯ ನೀರಾದರೆ ವಸತಿಗೃಹಕ್ಕೆ ನೀರಿನ ಪರೀಕ್ಷೆಯ ವರದಿ ಕೇಳುತ್ತಾರೆ. ಜೊತೆಗೆ ಕೊಳವೆಯ ಬಾಯಿಯಲ್ಲಿ ಸಿಕ್ಕಿದ ಎಲೆ ತೆಗೆಯಲು ಪಾಳಿಯ ಮೇಲೆ ಬೆಟ್ಟ ಹತ್ತಬೇಕು.

ಹೋಗುವ ನೀರು ಇದಕ್ಕಿಂತ ದುಬಾರಿ. ಒಳಚರಂಡಿ ಇಲ್ಲದ ಹಳ್ಳಿಗಳಲ್ಲಿ ಅಂಗಳದಲ್ಲಿ ಹೂತ ಜೋಕಾಸೋ ಎಂಬ ಶುದ್ಧೀಕರಣದ ತೊಟ್ಟಿ ಇರುತ್ತದೆ. ಹಳೆಯ ಬಗೆಯದು ಶೌಚದ ನೀರನ್ನು ಮಾತ್ರ ಶುದ್ಧ ಮಾಡುತ್ತದೆ. ಅಡುಗೆಮನೆ, ಸ್ನಾನದ ನೀರು ಹಾಗೆಯೇ ಹೊಳೆಗೆ ಹೋಗುತ್ತದೆ. 2001ರಿಂದ ಅಂಥದ್ದನ್ನು ಹೊಸದಾಗಿ ಹೂಳುವಂತಿಲ್ಲ. ತೊಟ್ಟಿಯ ಗಾತ್ರವನ್ನು ಎಷ್ಟು ಜನರ ತೊಟ್ಟಿ ಎಂದು ಅಳೆಯುತ್ತಾರೆ, ವಸತಿಗೃಹದ ಲೆಕ್ಕ ಮನೆಯ ಲೆಕ್ಕಕ್ಕಿಂತ ಬೇರೆ. ವರ್ಷಕ್ಕೊಮ್ಮೆ ಕಾನೂನಿನ ತಪಾಸಣೆ ಕಡ್ಡಾಯ. ಆ ತಪಾಸಣೆಯ ಚೀಟಿಗಳನ್ನು ಮಾರುವವರಿಂದ ಕೇಳಿ ಪಡೆಯಿರಿ. ನಾವು ಕೇಳಲಿಲ್ಲ. ಹೊಸ ತೊಟ್ಟಿಗೆ, ಅಗೆತಕ್ಕೆ, ಕೊಳವೆಗೆ ಸೇರಿ 18 ಲಕ್ಷ ಯೆನ್ ಹೋಯಿತು. ಈ ಖರ್ಚಿನ ಬಗ್ಗೆ ನನಗೆ ಬೇಸರವಿಲ್ಲ, ನಾವು ನೋಡಲು ಬಂದ ನದಿ ಅದೇ ತಾನೇ. ಮೊದಲೇ ತಿಳಿದಿದ್ದರೆ ಬೆಲೆಯಲ್ಲಿ ಮಾತಾಡಬಹುದಿತ್ತು.

ನದಿಗೆ ಇಳಿಯುವ ಮೆಟ್ಟಿಲು, ದಂಡೆಯ ವಾಹನ ನಿಲ್ಲಿಸುವ ಜಾಗ ಇವು ಮನೆಯ ಜೊತೆಗೇ ಬರುತ್ತವೆ ಎಂದುಕೊಳ್ಳಬೇಡಿ. ಅದು ನದಿಯ ಸರ್ಕಾರಿ ಜಾಗವಾಗಿದ್ದರೆ ಹಿಂದಿನವರು ಅನುಮತಿ ಪಡೆದು ಬಳಸುತ್ತಿದ್ದಿರಬಹುದು. ಆ ಅನುಮತಿ ತಾನಾಗಿಯೇ ನಿಮ್ಮ ಹೆಸರಿಗೆ ಬರುವುದಿಲ್ಲ. ದಂಡೆಯನ್ನು ಸೇರಿಕೊಂಡ ರಕ್ಷಿತ ಪಟ್ಟಿಯಲ್ಲಿ ಅಗೆಯಲು, ಕಟ್ಟಲು ನದಿಯ ಆಡಳಿತದ ಒಪ್ಪಿಗೆ ಬೇಕು. ಆಯು ಮೀನು ಹಿಡಿಯಲು ಸಹ ಮೀನುಗಾರರ ಸಹಕಾರ ಸಂಘದ ಚೀಟಿ ಕೊಳ್ಳಬೇಕು, ನದಿ ನಿಮ್ಮ ಅಂಗಳದಲ್ಲೇ ಹರಿದರೂ.

ಬೋರ್ಡು ಇದ್ದರೆ ಪರವಾನಗಿ ಇದ್ದಂತಲ್ಲ

ನಾವು ಮಾಡಿದ ದೊಡ್ಡ ತಪ್ಪು ಇದು. ಬಾಗಿಲ ಮೇಲೆ ಮಿನ್‌ಶುಕುವಿನ ಬೋರ್ಡು ಇತ್ತು. ಒಳಗೆ ಪರವಾನಗಿಯ ಚೌಕಟ್ಟೂ ಗೋಡೆಯಲ್ಲಿ ತೂಗುತ್ತಿತ್ತು. ದಲ್ಲಾಳಿ ‘ಮೊದಲಿನಿಂದಲೂ ವಸತಿಗೃಹವೇ, ಏನೂ ತೊಂದರೆಯಿಲ್ಲ’ ಎಂದರು. ನಂಬಿದೆವು. ಖರೀದಿಯಾದ ಮೇಲೆ ಹೋಕೆನ್‌ಜೋಗೆ, ಅಂದರೆ ವಸತಿಗೃಹಗಳಿಗೆ ಪರವಾನಗಿ ಕೊಡುವ ಆರೋಗ್ಯ ಕಚೇರಿಗೆ ಹೋದಾಗ ತಿಳಿಯಿತು: ಒಕಾಮಿ-ಸಾನ್ ಬಾಗಿಲು ಹಾಕಿದ ವರ್ಷವೇ ವಸತಿಗೃಹ ಮುಚ್ಚುವ ಅರ್ಜಿ ಕೊಟ್ಟಿದ್ದರು. ಆ ಪರವಾನಗಿ ಅಂದೇ ಮುಗಿದಿತ್ತು.

2023ರ ಡಿಸೆಂಬರ್ 13ರಿಂದ ನಡೆಯುತ್ತಿರುವ ವಸತಿಗೃಹವನ್ನು ವ್ಯವಹಾರ ಸಮೇತ ಕೊಂಡರೆ, ಮುಂಚಿತವಾಗಿ ಒಪ್ಪಿಗೆ ಪಡೆದು ಹಳೆಯ ಪರವಾನಗಿಯನ್ನೇ ಮುಂದುವರಿಸಬಹುದು. ಆದ್ದರಿಂದ ಮಾರುವವರು ಇನ್ನೂ ನಡೆಸುತ್ತಿದ್ದರೆ, ಮುಚ್ಚುವ ಅರ್ಜಿ ಕೊಡುವ ಮೊದಲೇ ಅವರೊಡನೆ ಕುಳಿತು ಮಾತಾಡಿ. ಮುಚ್ಚಿದ್ದರೆ ಎಲ್ಲವೂ ಹೊಸದಾಗಿ. ನಿಯಮಗಳು ಮೊದಲಿಗಿಂತ ಸಡಿಲವಾಗಿವೆ ಎಂಬುದು ಸಮಾಧಾನ: 2018ರ ಜೂನ್‌ನಿಂದ ಇಷ್ಟೇ ಕೋಣೆ ಇರಬೇಕೆಂಬ ಕಟ್ಟಳೆ ಇಲ್ಲ. ವರ್ಷಕ್ಕೆ 180 ದಿನ ಮಾತ್ರ ಅತಿಥಿಗಳನ್ನು ಇಟ್ಟುಕೊಳ್ಳುವುದಾದರೆ ವಾಸದ ಮನೆಯಲ್ಲೇ ಅತಿಥಿಗಳಿಗೆ ವಸತಿ ಕೊಡುವವರ ಹಗುರ ನೋಂದಣಿ ಸಾಕು.

ಕರಾರಿಗೆ ಸಹಿ ಹಾಕುವ ಮೊದಲು ಮನೆಯ ನಕ್ಷೆ ಹಿಡಿದುಕೊಂಡು ಮೂರು ಕಡೆ ಹೋಗಿ: ಹೋಕೆನ್‌ಜೋ, ಅಗ್ನಿಶಾಮಕ ಠಾಣೆ, ಕಟ್ಟಡ ವಿಭಾಗ. ಠಾಣೆಯವರ ಒಪ್ಪಿಗೆ ಪತ್ರವಿಲ್ಲದೆ ಪರವಾನಗಿ ಹೊರಡುವುದಿಲ್ಲ. ಎಷ್ಟು ಚಿಕ್ಕ ವಸತಿಗೃಹವಾದರೂ ಬೆಂಕಿಯ ಎಚ್ಚರಿಕೆ ಗಂಟೆ ಕಡ್ಡಾಯ. ಚಿಕ್ಕ ಕಟ್ಟಡಕ್ಕೆ ತಂತಿ ಬೇಡದ ಬಗೆ ಸಿಗುವುದರಿಂದ ಹಳೆಯ ತೊಲೆಗಳನ್ನು ಕೊರೆಯಬೇಕಾಗಿಲ್ಲ. ಮನೆ ಎಂದು ದಾಖಲಾದ ಕಟ್ಟಡವನ್ನು ವಸತಿಗೃಹಕ್ಕೆ ಬಳಸುವಾಗ, ಆ ಭಾಗ 200 ಚದರ ಮೀಟರ್ ಮೀರಿದರೆ ಬಳಕೆ ಬದಲಾವಣೆಯ ಅರ್ಜಿ ಬೇಕು. ಮೀರದಿದ್ದರೂ ಕಟ್ಟಡದ ನಿಯಮಗಳನ್ನು ಪಾಲಿಸಲೇಬೇಕು. ಊಟ ಬಡಿಸಲು ಬೇರೆ ಪರವಾನಗಿ. ಅದರ ಒಂದು ದಿನದ ತರಗತಿಗೆ ನಾನು ಹೋಗಿ ಬಂದೆ.

ಕಾಗದಪತ್ರ

ಭೂ ನೋಂದಣಿಯ ಪ್ರತಿಯನ್ನು ಯಾರು ಬೇಕಾದರೂ ಕಾನೂನು ವ್ಯವಹಾರ ಕಚೇರಿಯಲ್ಲಿ 600 ಯೆನ್ ಕೊಟ್ಟು ಪಡೆಯಬಹುದು. ಅದರಲ್ಲಿ ಒಡೆಯನ ಹೆಸರು ಸತ್ತ ಅಜ್ಜನದೇ ಆಗಿದ್ದರೆ, ಎಲ್ಲ ವಾರಸುದಾರರ ಒಪ್ಪಿಗೆ ಇಲ್ಲದೆ ವ್ಯವಹಾರ ನಡೆಯದು. 2024ರ ಏಪ್ರಿಲ್‌ನಿಂದ ವಾರಸುದಾರರು ಮೂರು ವರ್ಷಗಳೊಳಗೆ ಹೆಸರು ಬದಲಿಸಿಕೊಳ್ಳುವುದು ಕಡ್ಡಾಯವಾಗಿದೆ, ತಪ್ಪಿದರೆ ಒಂದು ಲಕ್ಷ ಯೆನ್‌ವರೆಗೆ ದಂಡ. ಯಾವ ಕಾಲದ್ದೋ ಅಡಮಾನ ತೀರದೆ ಉಳಿದಿರಬಹುದು. ಆಮೇಲೆ ಸೇರಿಸಿದ ಸ್ನಾನದ ಮನೆ, ಹಿಂಬದಿಯ ಕೋಣೆ ನೋಂದಣಿಯಲ್ಲೇ ಇಲ್ಲದಿರಬಹುದು. ಸರ್ವೆ ನಕ್ಷೆಯಲ್ಲಿ ನಿಮ್ಮ ಅಂಗಳದ ನಡುವೆ ಕಾಲುದಾರಿ, ಕಾಲುವೆ ಹಾದುಹೋಗಿದೆಯೇ ನೋಡಿ. ಅವು ನೆಲದ ಮೇಲೆ ಕಾಣದಿದ್ದರೂ ಸಾರ್ವಜನಿಕ ಜಾಗವೇ. ಮಾರುವವರ ಜೊತೆ, ಪಕ್ಕದವರ ಜೊತೆ ಗಡಿಯುದ್ದಕ್ಕೂ ಒಮ್ಮೆ ನಡೆದು ಬನ್ನಿ. ಗದ್ದೆಯೋ ತರಕಾರಿ ಹಿತ್ತಿಲೋ ಕೃಷಿ ಭೂಮಿ ಎಂದು ದಾಖಲಾಗಿದ್ದರೆ ಕೃಷಿ ಸಮಿತಿಯ ಅನುಮತಿ ಬೇಕು; ಅನುಮತಿಯಿಲ್ಲದ ಮಾರಾಟ ಅಸಿಂಧು. ಇಂತಿಷ್ಟು ಜಮೀನು ಇರಲೇಬೇಕೆಂಬ ಕಟ್ಟಳೆ 2023ರ ಏಪ್ರಿಲ್‌ನಲ್ಲಿ ಹೋಯಿತಾದ್ದರಿಂದ ಇದೀಗ ಸುಲಭ.

80 ಲಕ್ಷ ಯೆನ್‌ವರೆಗಿನ ಖಾಲಿ ಮನೆಗೆ ದಲ್ಲಾಳಿಗಳು ತೆರಿಗೆ ಸೇರಿ 3,30,000 ಯೆನ್‌ವರೆಗೆ ಪಡೆಯಬಹುದು. ಖರೀದಿಯಾಗಿ ತಿಂಗಳುಗಳು ಕಳೆದ ಮೇಲೆ, ಎಲ್ಲ ಮುಗಿಯಿತು ಎಂದುಕೊಂಡಾಗ, ಆಸ್ತಿ ಗಳಿಕೆಯ ತೆರಿಗೆಯ ಚೀಟಿ ಬರುತ್ತದೆ. ವಾಸದ ಮನೆಗೆ ಸರ್ಕಾರಿ ಮೌಲ್ಯದ 3%, ಬೇರೆ ಕಟ್ಟಡಕ್ಕೆ 4%. ಅದನ್ನು ತೆಗೆದಿಟ್ಟುಕೊಳ್ಳಿ. ಕರಾರಿನಲ್ಲಿ ‘ಇದ್ದ ಸ್ಥಿತಿಯಲ್ಲಿ’ ಎಂಬ ಮಾತು ಇದ್ದೇ ಇರುತ್ತದೆ; ಆಮೇಲೆ ಕಂಡ ದೋಷಕ್ಕೆ ಮಾರಿದವರು ಹೊಣೆಯಲ್ಲ ಎಂಬ ಷರತ್ತೂ ಸಾಮಾನ್ಯವಾಗಿ ಅದರ ಜೊತೆಗಿರುತ್ತದೆ. ಇಂಥ ಮನೆಗಳಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ನಾವು ನಗದೇ ಕೊಟ್ಟೆವು.

ಮನೆಯೊಳಗಿನ ಸಾಮಾನು ಯಾರ ಹೊಣೆ ಎಂಬುದನ್ನು ಕರಾರಿನಲ್ಲೇ ಬರೆಸಿ. ನಮ್ಮ ಮನೆಯಲ್ಲಿ 46 ಹಾಸಿಗೆ, ಇನ್ನೂರಕ್ಕೂ ಹೆಚ್ಚು ಅನ್ನದ ಬಟ್ಟಲು, ಎರಡು ಕೆಟ್ಟ ಫ್ರೀಜರ್, ಒಂದು ಕರಾವೊಕೆ ಯಂತ್ರ ಇದ್ದವು. ಹಾಸಿಗೆ ವಿಲೇವಾರಿಗೂ ತೂಕದ ಲೆಕ್ಕದಲ್ಲಿ ಹಣ ಕೊಡಬೇಕು. ಬಟ್ಟಲುಗಳನ್ನು ಉಳಿಸಿಕೊಂಡೆವು. ಹಿರಿಯರ ಪೀಠವಾದ ಬುತ್ಸುದಾನ್ ಇದ್ದರೆ ಅದನ್ನು ಮುಟ್ಟಬೇಡಿ. ಮನೆಯವರು ಪುರೋಹಿತರನ್ನು ಕರೆಸಿ ಪೂಜೆ ಮಾಡಿಸಿ ಬೀಳ್ಕೊಡುವವರೆಗೆ ಕಾಯಿರಿ. ನಾವೂ ಆ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಪೂಜೆ ಮುಗಿದ ಮೇಲೆ ಒಕಾಮಿ-ಸಾನ್ ಅಡುಗೆಮನೆಗೆ ಹೋಗಿ, ದೊಡ್ಡ ಒಲೆಯ ಗ್ಯಾಸ್ ಗುಂಡಿಯನ್ನು ಎಡಗೈಯಲ್ಲಿ ಒತ್ತಿಹಿಡಿದು ಬಲಗೈಯಲ್ಲಿ ಕಡ್ಡಿ ಗೀರಬೇಕೆಂದು ನನಗೆ ತೋರಿಸಿಕೊಟ್ಟರು. ಯಾವ ಕಾಗದದಲ್ಲೂ ಇದು ಇರಲಿಲ್ಲ.

ಊರು

ಕೀಲಿ ಕೈಗೆ ಬಂದ ವಾರವೇ ಎದುರಿನ ಮೂರು ಮನೆ, ಅಕ್ಕಪಕ್ಕದ ಎರಡು ಮನೆಗೆ ಚಿಕ್ಕ ಉಡುಗೊರೆ ಹಿಡಿದುಕೊಂಡು ಹೋಗಿ. ಕೈವಸ್ತ್ರ, ಸಿಹಿ ಏನಾದರೂ ಸರಿ. ಊರ ಸಂಘದ ಮುಖ್ಯಸ್ಥರನ್ನು ಖರೀದಿಗೆ ಮೊದಲೇ ಕಾಣುವುದು ಇನ್ನೂ ಒಳ್ಳೆಯದು. ವಂತಿಗೆ ಎಷ್ಟು, ಕಸ ಎಲ್ಲಿ ಹಾಕಬೇಕು, ಅತಿಥಿಗಳು ರಾತ್ರಿ ಎಷ್ಟು ಹೊತ್ತಿನವರೆಗೆ ನದಿಯಲ್ಲಿ ಗದ್ದಲ ಮಾಡಬಹುದು ಎಂದು ನೀವೇ ಕೇಳಿ. ನಮ್ಮ ಊರಿನಲ್ಲಿ ವರ್ಷಕ್ಕೆ ಮೂರು ಸಲ ದಂಡೆಯ ಹುಲ್ಲು ಕತ್ತರಿಸುವ ದಿನವಿದೆ. ಬೆಳಿಗ್ಗೆ ಏಳಕ್ಕೆ ಎಂದು ಸುತ್ತೋಲೆಯಲ್ಲಿ ಬರೆದಿರುತ್ತದೆ, ಆರೂವರೆಗೇ ಎಲ್ಲರೂ ಸೇತುವೆಯ ಹತ್ತಿರ ನಿಂತಿರುತ್ತಾರೆ. ಯಂತ್ರ ನಿಮ್ಮದೇ ತರಬೇಕು. ಇಂಧನ ತುಂಬಿಸಿ, ಇನ್ನೊಂದು ಬ್ಲೇಡ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಹೊಳೆಯ ಕಲ್ಲು ತಗುಲಿ ಮೊದಲನೆಯದು ಮೊಂಡಾಗುತ್ತದೆ.